ವೈನ್ ಪದಗಳ ವಂಶಾವಳಿ: ದ್ರಾಕ್ಷಿ ತೋಟದಿಂದ ನ್ಯಾಯಾಲಯದ ಕಟಕಟೆಯವರೆಗೆ

ರಾಜ್ಯದ ಯಾವುದೇ ಪಟ್ಟಣದ ಬಸ್ ನಿಲ್ದಾಣದ ಸುತ್ತಮುತ್ತ 'ವೈನ್ಸ್' ಅಥವಾ 'ವೈನ್ ಸ್ಟೋರ್ಸ್' ಎಂಬ ಫಲಕ ಕಾಣಿಸದೇ ಇರುವುದು ಅಪರೂಪ. ಒಳಗೆ ಸಾಲಾಗಿ ಜೋಡಿಸಿರುವುದು ಮಾತ್ರ ವಿಸ್ಕಿ, ರಮ್, ಬ್ರಾಂದಿ ಮತ್ತು ಬಿಯರ್. ದ್ರಾಕ್ಷಿ ರಸ ಹುದುಗಿ ಸಿದ್ಧವಾದ ನಿಜವಾದ ವೈನ್ ಮೂಲೆಯ ಕಪಾಟಿನಲ್ಲಿ ನಾಲ್ಕಾರು ಬಾಟಲಿ ಇದ್ದರೆ ಹೆಚ್ಚು. ಆಡುಮಾತಿನಲ್ಲಿ 'ವೈನ್ ಶಾಪ್' ಎಂದರೆ ಮದ್ಯದಂಗಡಿ ಎಂದೇ ಅರ್ಥ. ಹೆಸರು ಒಂದು, ಮಾರುವ ಸರಕು ಇನ್ನೊಂದು.

ಇದನ್ನು ಕನ್ನಡಿಗರ ತಪ್ಪು ಬಳಕೆ ಎಂದು ತಳ್ಳಿಹಾಕುವಂತಿಲ್ಲ. ವೈನ್‌ಗೆ ಸಂಬಂಧಿಸಿದ ಇಂಗ್ಲಿಷ್ ಪದಗಳ ಇತಿಹಾಸದ ತುಂಬ ಇಂಥ ಪಲ್ಲಟಗಳೇ ಇವೆ. ಇಂಗ್ಲೆಂಡಿನ ಹವಾಮಾನ ಬಹುಕಾಲ ದ್ರಾಕ್ಷಿಗೆ ಒಗ್ಗಲಿಲ್ಲ. ಆದ್ದರಿಂದ ಆ ದೇಶ ವೈನ್ ತಯಾರಿಸಿದ್ದಕ್ಕಿಂತ ತರಿಸಿಕೊಂಡದ್ದೇ ಹೆಚ್ಚು. ಪೀಪಾಯಿಗಳ ಜೊತೆಗೆ ಪದಗಳೂ ಹಡಗು ಹತ್ತಿ ಬಂದವು. ಲ್ಯಾಟಿನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಡಚ್, ಅರಬ್ಬಿ ಹೀಗೆ ಯಾರ ಬಳಿ ವ್ಯಾಪಾರ ನಡೆಯಿತೋ ಅವರ ಮಾತು ಇಂಗ್ಲಿಷಿನಲ್ಲಿ ಉಳಿಯಿತು. ಒಂದೊಂದು ಪದವೂ ಒಂದೊಂದು ಹಳೆಯ ರಸೀದಿಯಂತೆ: ಬೆಳೆದವರು ಯಾರು, ಸಾಗಿಸಿದವರು ಯಾರು, ಲಾಭ ಪಡೆದವರು ಯಾರು ಎಂಬುದು ಅದರಲ್ಲಿ ದಾಖಲಾಗಿದೆ. ಇವುಗಳಲ್ಲಿ ಕೆಲವು ಪದಗಳಿಗಾಗಿ ಇಪ್ಪತ್ತನೇ ಶತಮಾನದಲ್ಲಿ ಬೀದಿ ಕಾಳಗ ನಡೆದಿದೆ, ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ.

ಒಂದೇ ಬಳ್ಳಿ, ಎರಡು ಉಚ್ಚಾರ

ಇಂಗ್ಲಿಷಿನಲ್ಲಿ ಪಾನೀಯಕ್ಕೂ 'ವೈನ್', ದ್ರಾಕ್ಷಿ ಬಳ್ಳಿಗೂ 'ವೈನ್'. ಮೊದಲನೆಯದನ್ನು ತುಟಿ ದುಂಡಾಗಿಸಿ, ಎರಡನೆಯದನ್ನು ಕೆಳತುಟಿಗೆ ಹಲ್ಲು ತಾಗಿಸಿ ಉಚ್ಚರಿಸಬೇಕು. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ 'ವ'. ಮೂಲದಲ್ಲಿಯೂ ಇವೆರಡೂ ಒಂದೇ ಮನೆತನದವು. ಲ್ಯಾಟಿನ್ ಭಾಷೆಯ 'ವೀನುಮ್' ಎಂದರೆ ವೈನ್, ಅದರಿಂದ ಬಂದ 'ವೀನಿಯಾ' ಎಂದರೆ ದ್ರಾಕ್ಷಿ ತೋಟ.

ಉಚ್ಚಾರದ ಈ ಅಂತರಕ್ಕೆ ಕಾರಣ ಕಾಲ. ಆರಂಭ ಕಾಲದ ಲ್ಯಾಟಿನ್‌ನಲ್ಲಿ 'ವ' ಅಕ್ಷರವನ್ನು ತುಟಿ ದುಂಡಾಗಿಸಿಯೇ ಉಚ್ಚರಿಸುತ್ತಿದ್ದರು. ರೋಮನ್ ವ್ಯಾಪಾರಿಗಳಿಂದ ವೈನ್ ಕೊಂಡ ಜರ್ಮಾನಿಕ್ ಬುಡಕಟ್ಟುಗಳು ಆ ಉಚ್ಚಾರದೊಂದಿಗೇ ಪದವನ್ನು ಸ್ವೀಕರಿಸಿ, ಬ್ರಿಟನ್‌ಗೆ ವಲಸೆ ಹೋಗುವಾಗ ಕೊಂಡೊಯ್ದವು. ಬಳ್ಳಿಯ ಹೆಸರು ಬಂದದ್ದು ಶತಮಾನಗಳ ನಂತರ, ಫ್ರೆಂಚ್ ಭಾಷೆಯ ಮೂಲಕ. ಅಷ್ಟು ಹೊತ್ತಿಗೆ ಉಚ್ಚಾರ ಬದಲಾಗಿತ್ತು. ಒಂದೇ ಮೂಲದಿಂದ ಎರಡು ಬಾರಿ ಸಾಲ ಪಡೆದ ಗುರುತು ಇಂದಿಗೂ ಆ ಎರಡು ಪದಗಳಲ್ಲಿ ಉಳಿದಿದೆ.

ಲ್ಯಾಟಿನ್‌ಗಿಂತ ಹಿಂದಕ್ಕೆ ಹೋದರೆ ಗ್ರೀಕ್‌ನಲ್ಲಿ 'ಓಯಿನೋಸ್', ಹೀಬ್ರೂವಿನಲ್ಲಿ 'ಯಾಯಿನ್', ಅರ್ಮೇನಿಯನ್‌ನಲ್ಲಿ 'ಗಿನಿ', ಜಾರ್ಜಿಯನ್‌ನಲ್ಲಿ 'ಘ್ವಿನೋ' ಎಂಬ ರೂಪಗಳು ಸಿಗುತ್ತವೆ. ಬೇರೆ ಬೇರೆ ಭಾಷಾ ಕುಟುಂಬಗಳಿಗೆ ಸೇರಿದ ಈ ಭಾಷೆಗಳಲ್ಲಿ ಪದ ಮಾತ್ರ ಒಂದೇ ಬಗೆಯದು. ಯಾವುದು ಮೂಲ, ಯಾವುದು ಎರವಲು ಎಂಬ ಬಗ್ಗೆ ಭಾಷಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಆದರೆ ಪುರಾತತ್ತ್ವದ ಸಾಕ್ಷ್ಯ ಕಾಕಸಸ್ ಪರ್ವತ ಪ್ರದೇಶದತ್ತ ಬೆರಳು ತೋರುತ್ತದೆ. ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯ ದಕ್ಷಿಣಕ್ಕಿರುವ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಮಣ್ಣಿನ ಮಡಕೆಗಳಲ್ಲಿ ದ್ರಾಕ್ಷಿ ವೈನ್‌ನ ರಾಸಾಯನಿಕ ಕುರುಹು ಇರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಆ ಮಡಕೆಗಳ ವಯಸ್ಸು ಸುಮಾರು 8,000 ವರ್ಷ. ದೊಡ್ಡ ಹಂಡೆಗಳನ್ನು ನೆಲದಲ್ಲಿ ಹೂತು ವೈನ್ ಮಾಡುವ ಜಾರ್ಜಿಯಾದ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊಯಿಲಿನ ಕೊಕ್ಕೆಯಿಂದ 'ಗ್ರೇಪ್'

ದ್ರಾಕ್ಷಿಗೆ ಹಳೆಯ ಇಂಗ್ಲಿಷಿನಲ್ಲಿ 'ವೈನ್‌ಬೆರಿ' ಎಂಬ ಅರ್ಥದ ಅಚ್ಚ ದೇಸಿ ಪದವಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಪದಗಳ ಪ್ರವಾಹವೇ ಹರಿದುಬಂದು ಅದು ಮೂಲೆಗುಂಪಾಯಿತು. ಅದರ ಜಾಗಕ್ಕೆ ಬಂದ 'ಗ್ರೇಪ್' ಪದಕ್ಕೆ ಹಳೆಯ ಫ್ರೆಂಚ್‌ನಲ್ಲಿ ದ್ರಾಕ್ಷಿ ಗೊಂಚಲು ಎಂಬ ಅರ್ಥವಿತ್ತು. ಗೊಂಚಲನ್ನು ಕೊಕ್ಕೆಯಿಂದ ಕೀಳುವ ಕ್ರಿಯೆಯಿಂದ ಆ ಪದ ಹುಟ್ಟಿದೆ. ಹಿಡಿದು ಸೆಣಸುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಗ್ರ್ಯಾಪಲ್' ಪದವೂ ಇದೇ ಕೊಕ್ಕೆಯ ಸಂಬಂಧಿ. ಹೀಗೆ ಹಣ್ಣಿಗೆ ಅದನ್ನು ಕೀಳುವ ಸಲಕರಣೆಯ ಹೆಸರು ಅಂಟಿಕೊಂಡಿತು.

ಒಣದ್ರಾಕ್ಷಿಯ 'ರೈಸಿನ್' ಕೂಡ ಫ್ರೆಂಚ್ ಮೂಲದ್ದೇ. ಫ್ರೆಂಚರಿಗೆ ಅದು ಇಂದಿಗೂ ಹಸಿ ದ್ರಾಕ್ಷಿ. ಹಸಿ ಹಣ್ಣು ಹಡಗಿನಲ್ಲಿ ಬಹಳ ದಿನ ಬಾಳುವುದಿಲ್ಲ, ಒಣಗಿಸಿದ್ದು ಬಾಳುತ್ತದೆ. ಇಂಗ್ಲಿಷರು ಆ ಹೆಸರನ್ನು ಒಣ ಹಣ್ಣಿಗೇ ಉಳಿಸಿಕೊಂಡರು. ಇದರ ಮೂಲ ಲ್ಯಾಟಿನ್‌ನ 'ರಾಸೆಮುಸ್', ಅಂದರೆ ಗೊಂಚಲು. ಅದೇ ಪದ ರಸಾಯನ ವಿಜ್ಞಾನವನ್ನೂ ಹೊಕ್ಕಿತು. ವೈನ್ ತಯಾರಿಕೆಯಲ್ಲಿ ಸಿಕ್ಕ ಆಮ್ಲವೊಂದಕ್ಕೆ 'ರೆಸಿಮಿಕ್' ಎಂಬ ಹೆಸರಿತ್ತು. 1848ರಲ್ಲಿ ಲೂಯಿ ಪಾಶ್ಚರ್ ಅದರ ಲವಣದ ಹರಳುಗಳನ್ನು ಕೈಯಿಂದ ಬೇರ್ಪಡಿಸಿ, ಅವು ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬಗಳಾಗಿವೆ ಎಂದು ತೋರಿಸಿದರು. ಇಂಥ ಎರಡೂ ರೂಪಗಳು ಸಮಪ್ರಮಾಣದಲ್ಲಿ ಬೆರೆತ ಔಷಧಿಯನ್ನು ಇಂದಿಗೂ ರೆಸಿಮಿಕ್ ಮಿಶ್ರಣ ಎನ್ನುತ್ತಾರೆ.

ಹಳೆಯ ಕಾರುಗಳ ಮೆರವಣಿಗೆಯ ಸುದ್ದಿಯಲ್ಲಿ ಕಾಣುವ 'ವಿಂಟೇಜ್' ಪದವೂ ತೋಟದ್ದೇ. ಲ್ಯಾಟಿನ್‌ನಲ್ಲಿ ಅದಕ್ಕೆ ದ್ರಾಕ್ಷಿ ಕೊಯಿಲು ಎಂಬ ಅರ್ಥ. ಕೊಯಿಲಿನಿಂದ ಆ ವರ್ಷದ ಬೆಳೆಗೆ, ಬೆಳೆಯಿಂದ ಆ ವರ್ಷದ ವೈನ್‌ಗೆ, ವೈನ್‌ನಿಂದ ಹಳೆಯದೂ ಉತ್ತಮವಾದದ್ದೂ ಆದ ಯಾವುದೇ ವಸ್ತುವಿಗೆ ಅರ್ಥ ವಿಸ್ತರಿಸಿತು. ಬ್ರಿಟನ್‌ನಲ್ಲಿ 1919ರಿಂದ 1930ರ ನಡುವೆ ತಯಾರಾದ ಕಾರುಗಳಿಗೆ ಈ ವಿಶೇಷಣ ಸಲ್ಲುತ್ತದೆ. ಬಾಟಲಿಯ ಮೇಲೆ ಮಾತ್ರ ಹಳೆಯ ಅರ್ಥವೇ ಉಳಿದಿದೆ. 'ವಿಂಟೇಜ್' ಎಂದು ವರ್ಷ ನಮೂದಿಸಿದ್ದರೆ ದ್ರಾಕ್ಷಿ ಕೊಯ್ದ ವರ್ಷ ಎಂದಷ್ಟೇ ತಿಳಿಯಬೇಕು. ಗುಣಮಟ್ಟದ ಖಾತರಿ ಅದರಲ್ಲಿಲ್ಲ.

ಅಡುಗೆಮನೆ ಸೇರಿದ ಪದಗಳು

'ವಿನೆಗರ್' ಎಂದರೆ ಫ್ರೆಂಚ್‌ನಲ್ಲಿ ನೇರವಾಗಿ 'ಹುಳಿ ವೈನ್'. ಗಾಳಿಗೆ ತೆರೆದಿಟ್ಟ ವೈನ್ ಬ್ಯಾಕ್ಟೀರಿಯಾಗಳ ದೆಸೆಯಿಂದ ಹುಳಿಯಾಗುತ್ತದೆ. ಕೆಟ್ಟ ಸರಕನ್ನು ಚೆಲ್ಲದೆ ಉಪ್ಪಿನಕಾಯಿಗೆ ಬಳಸಿದ ಜಾಣತನ ಆ ಹೆಸರಿನಲ್ಲಿದೆ.

'ಮಸ್ಟರ್ಡ್' ಪದದ ಕಥೆ ಇನ್ನೂ ಸ್ವಾರಸ್ಯಕರ. ಹಿಂಡಿದ ಹೊಸ ದ್ರಾಕ್ಷಿ ರಸಕ್ಕೆ ಲ್ಯಾಟಿನ್‌ನಲ್ಲಿ 'ಮುಸ್ತುಮ್' ಎಂದೂ ಇಂಗ್ಲಿಷಿನಲ್ಲಿ 'ಮಸ್ಟ್' ಎಂದೂ ಹೆಸರು. ಯುರೋಪಿನಲ್ಲಿ ಸಾಸಿವೆಯನ್ನು ಈ ರಸದಲ್ಲಿ ಅರೆದು ನಂಚಿಕೊಳ್ಳುವ ಪದಾರ್ಥ ಮಾಡುತ್ತಿದ್ದರು. ರಸದ ಹೆಸರು ಪದಾರ್ಥಕ್ಕೆ ಬಂತು, ಪದಾರ್ಥದ ಹೆಸರು ಕಾಳಿಗೂ ಗಿಡಕ್ಕೂ ಹರಡಿತು. ಒಗ್ಗರಣೆಗೆ ಸಿಡಿಯುವ ಸಾಸಿವೆಯ ಇಂಗ್ಲಿಷ್ ಹೆಸರಿನಲ್ಲಿ ಹೀಗೆ ದ್ರಾಕ್ಷಿ ರಸ ಅಡಗಿ ಕುಳಿತಿದೆ.

ಪೀಪಾಯಿ ಮತ್ತು ಕಬ್ಬಿನ ತೂಕ

ಮಂಡ್ಯ, ಬೆಳಗಾವಿ ಜಿಲ್ಲೆಗಳ ಕಬ್ಬು ಬೆಳೆಗಾರರು ಪ್ರತಿ ಹಂಗಾಮಿನಲ್ಲೂ ದರಕ್ಕಾಗಿ ಹೋರಾಡುವುದು 'ಟನ್'ಗೆ ಇಷ್ಟು ಎಂಬ ಲೆಕ್ಕದಲ್ಲಿ. ಆ ಟನ್ ಹುಟ್ಟಿದ್ದು ವೈನ್ ಪೀಪಾಯಿಯಿಂದ. ಮಧ್ಯಯುಗದ ಇಂಗ್ಲೆಂಡಿನಲ್ಲಿ 252 ಗ್ಯಾಲನ್ ವೈನ್ ಹಿಡಿಸುವ ದೊಡ್ಡ ಪೀಪಾಯಿಗೆ 'ಟನ್' ಎನ್ನುತ್ತಿದ್ದರು. ಉಚ್ಚಾರ ಒಂದೇ, ಕಾಗುಣಿತ ಮಾತ್ರ ಮುಂದೆ ಬೇರೆಯಾಯಿತು. ಹಡಗೊಂದು ಇಂಥ ಎಷ್ಟು ಪೀಪಾಯಿ ಹೊರಬಲ್ಲದು ಎಂಬುದೇ ಅದರ 'ಟನೇಜ್'. ತುಂಬಿದ ಪೀಪಾಯಿಯ ಭಾರವೇ ಕಾಲಕ್ರಮದಲ್ಲಿ ತೂಕದ ಮಾನವಾಯಿತು.

ಗ್ಯಾಲನ್‌ನದೂ ಇಂಥದೇ ಕಥೆ. 1707ರಲ್ಲಿ ರಾಣಿ ಆ್ಯನ್ ಆಳ್ವಿಕೆಯಲ್ಲಿ ವೈನ್ ಅಳೆಯುವ ಗ್ಯಾಲನ್‌ಗೆ 231 ಘನ ಅಂಗುಲ ಎಂದು ನಿಗದಿಯಾಯಿತು. ಬ್ರಿಟನ್ 1824ರಲ್ಲಿ ಹೊಸ ಗ್ಯಾಲನ್‌ಗೆ ಬದಲಾದರೂ ಅಮೆರಿಕ ಹಳೆಯದನ್ನೇ ಉಳಿಸಿಕೊಂಡಿತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಪೆಟ್ರೋಲ್ ಹಾಕಿಸುವ 3.785 ಲೀಟರ್‌ನ ಗ್ಯಾಲನ್, ವಾಸ್ತವದಲ್ಲಿ ಆ್ಯನ್ ರಾಣಿಯ ವೈನ್ ಅಳತೆ.

ಕನ್ನಡದ 'ಪೀಪಾಯಿ' ಎಂಬ ಪದವೇ ಪೋರ್ಚುಗೀಸರ 'ಪೀಪಾ'ದಿಂದ ಬಂದದ್ದು. ಟನ್ನಿನ ಅರ್ಧದಷ್ಟು ಹಿಡಿಸುವ ವೈನ್ ಪೀಪಾಯಿಗೆ ಇಂಗ್ಲಿಷರು 'ಪೈಪ್' ಎನ್ನುತ್ತಾರೆ. ಎರಡೂ ಒಂದೇ ಮೂಲದವು. ಸೀಮೆಎಣ್ಣೆ, ಡಾಂಬರು ತುಂಬಿಡುವ ಪಾತ್ರೆಗೆ ಕರಾವಳಿಯಿಂದ ಬಯಲುಸೀಮೆಯವರೆಗೆ ಈ ಹೆಸರು ಹಬ್ಬಿದೆ.

ಸಣ್ಣ ಪೀಪಾಯಿ ಎಂಬ ಅರ್ಥದ ಲ್ಯಾಟಿನ್ ಪದ ಫ್ರೆಂಚ್ ಮೂಲಕ 'ಬಾಟಲ್' ಆಯಿತು. ಶ್ರೀಮಂತರ ಮನೆಯಲ್ಲಿ ವೈನ್ ಬಾಟಲಿಗಳ ಉಸ್ತುವಾರಿ ನೋಡುವವನು 'ಬಟ್ಲರ್'. ವಸಾಹತು ಕಾಲದ ಮದ್ರಾಸ್ ಪ್ರಾಂತ್ಯದಲ್ಲಿ ಬಟ್ಲರ್‌ಗಳು ದೊರೆಗಳ ಜೊತೆ ಆಡುತ್ತಿದ್ದ ಹರುಕುಮುರುಕು ಭಾಷೆಗೆ 'ಬಟ್ಲರ್ ಇಂಗ್ಲಿಷ್' ಎಂಬ ಹೆಸರು ಬಿತ್ತು. ಆ ಅಣಕದ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಬಾಟಲಿಯ ಬಿರಡೆಯಾದ 'ಕಾರ್ಕ್' ಓಕ್ ಜಾತಿಯ ಮರವೊಂದರ ತೊಗಟೆ. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಕಾರ್ಕ್‌ನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಪುಟ್ಟ ಕೋಣೆಗಳಂಥ ರಚನೆ ಕಂಡಿತು. ಅವುಗಳಿಗೆ ಅವರು 'ಸೆಲ್' ಎಂದು ಹೆಸರಿಟ್ಟರು. ವೈನ್ ದಾಸ್ತಾನು ಮಾಡುವ ನೆಲಮಾಳಿಗೆಯ 'ಸೆಲ್ಲರ್' ಎಂಬ ಹೆಸರೂ ಲ್ಯಾಟಿನ್‌ನ ಅದೇ ಕೋಣೆಯಿಂದ ಬಂದದ್ದು. ಜೀವಕೋಶದ ಇಂಗ್ಲಿಷ್ ಹೆಸರಿಗೂ ವೈನ್ ಉಗ್ರಾಣಕ್ಕೂ ಬೇರು ಒಂದೇ.

ಕಾಡಿಗೆಯಿಂದ ಮದ್ಯಸಾರಕ್ಕೆ

'ಬ್ರಾಂದಿ' ಡಚ್ಚರ ಕೊಡುಗೆ. 'ಬ್ರಾಂಡೆವೈನ್' ಎಂದರೆ ಸುಟ್ಟ ವೈನ್, ಅಂದರೆ ಬೆಂಕಿಯ ಮೇಲಿಟ್ಟು ಭಟ್ಟಿ ಇಳಿಸಿದ ವೈನ್. ಇಂಗ್ಲಿಷಿನಲ್ಲಿ ಬಾಲದ 'ವೈನ್' ಉದುರಿಹೋಗಿ ಸುಟ್ಟದ್ದು ಎಂಬ ಭಾಗವಷ್ಟೇ ಉಳಿಯಿತು. ಭಾರತದಲ್ಲಿ ಅಗ್ಗಕ್ಕೆ ಮಾರಾಟವಾಗುವ ಬ್ರಾಂದಿಯ ಬಹುಪಾಲು ಕಬ್ಬಿನ ಕಾಕಂಬಿಯ ಮದ್ಯಸಾರದಿಂದ ತಯಾರಾಗುತ್ತದೆ. ಹೆಸರಿನಿಂದ ವೈನ್ ಮೊದಲೇ ಮಾಯವಾಗಿತ್ತು, ಇಲ್ಲಿ ಬಾಟಲಿಯಿಂದಲೂ ಬಹುಮಟ್ಟಿಗೆ ಮಾಯವಾಗಿದೆ.

'ಆಲ್ಕೋಹಾಲ್' ಅರಬ್ಬಿಯ 'ಅಲ್-ಕುಹ್ಲ್'ನಿಂದ ಬಂದದ್ದು. ಅದು ಕಣ್ಣಿಗೆ ಹಚ್ಚುವ ಕಾಡಿಗೆಯ ನುಣುಪಾದ ಪುಡಿ. ಯುರೋಪಿನ ರಸವಾದಿಗಳು ಮೊದಲು ಯಾವುದೇ ನುಣುಪು ಪುಡಿಗೆ, ನಂತರ ಯಾವುದೇ ವಸ್ತುವಿನ ಶುದ್ಧ ಸಾರಕ್ಕೆ ಈ ಪದ ಬಳಸಿದರು. ಹದಿನಾರನೇ ಶತಮಾನದಲ್ಲಿ ಭಟ್ಟಿ ಇಳಿಸಿದ ಸಾರಕ್ಕೆ 'ವೈನ್‌ನ ಆಲ್ಕೋಹಾಲ್' ಎಂಬ ಹೆಸರು ಬಂತು. ಮುಂದೆ 'ವೈನ್' ಬಿಟ್ಟುಹೋಗಿ 'ಆಲ್ಕೋಹಾಲ್' ಮಾತ್ರ ನಿಂತಿತು.

ಗ್ರೀಕರ 'ಮೆಥು' ಮತ್ತು ಸಂಸ್ಕೃತದ 'ಮಧು' ಒಂದೇ ಮೂಲದ ಪದಗಳು. ಜೇನಿನಿಂದ ಮಾಡಿದ ಪಾನೀಯಕ್ಕೆ ಇಂಗ್ಲಿಷರು ಹೇಳುವ 'ಮೀಡ್' ಕೂಡ ಈ ಬಳಗಕ್ಕೇ ಸೇರಿದೆ. ಗ್ರೀಕ್‌ನಲ್ಲಿ ಅದು ವೈನ್‌ಗೂ ಅನ್ವಯವಾಯಿತು. ನೇರಳೆ ಬಣ್ಣದ 'ಅಮೆಥಿಸ್ಟ್' ಹರಳಿನ ಹೆಸರಿಗೆ ಅಮಲೇರದ್ದು ಎಂಬ ಅರ್ಥ. ಅದನ್ನು ಧರಿಸಿದರೆ ಎಷ್ಟು ಕುಡಿದರೂ ಅಮಲೇರದು ಎಂಬ ನಂಬಿಕೆ ಗ್ರೀಕರಲ್ಲಿತ್ತು.

ಇದೇ 'ಮೆಥು' 1834ರಲ್ಲಿ ಬೇರೊಂದು ರೂಪ ತಾಳಿತು. ಮರವನ್ನು ಕಾಯಿಸಿ ಪಡೆದ ಮದ್ಯಸಾರವನ್ನು ಅಭ್ಯಸಿಸುತ್ತಿದ್ದ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ಡ್ಯೂಮಾ ಮತ್ತು ಪೆಲಿಗೊ, ವೈನ್ ಎಂಬ ಅರ್ಥದ 'ಮೆಥು' ಮತ್ತು ಮರ ಎಂಬ ಅರ್ಥದ 'ಹ್ಯೂಲೆ' ಸೇರಿಸಿ 'ಮೆಥಿಲೀನ್' ಎಂಬ ಹೆಸರು ಟಂಕಿಸಿದರು. 'ಮಿಥೈಲ್' ಅದರಿಂದ ಒಡೆದು ಬಂದ ಪದ. ಹೆಸರಿನಲ್ಲಿ ಮಧುವಿದ್ದರೂ ಮಿಥೈಲ್ ಆಲ್ಕೋಹಾಲ್ ಘೋರ ವಿಷ. ಅಲ್ಪ ಪ್ರಮಾಣವೂ ಕಣ್ಣು ಕಳೆಯಬಲ್ಲದು, ಪ್ರಾಣ ತೆಗೆಯಬಲ್ಲದು. ಅದು ಬೆರೆತ ಕಳ್ಳಭಟ್ಟಿ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದೂ ಕಳ್ಳಭಟ್ಟಿಯಿಂದಲೇ.

ಸಂಕಿರಣವೂ ಪಾನಗೋಷ್ಠಿಯೇ

ವಿಶ್ವವಿದ್ಯಾಲಯಗಳು ಗಂಭೀರವಾಗಿ ನಡೆಸುವ ವಿಚಾರ ಸಂಕಿರಣಕ್ಕೆ ಇಂಗ್ಲಿಷಿನಲ್ಲಿ 'ಸಿಂಪೋಸಿಯಂ' ಎನ್ನುತ್ತಾರೆ. ಗ್ರೀಕ್‌ನಲ್ಲಿ ಅದರ ಅರ್ಥ 'ಕೂಡಿ ಕುಡಿಯುವುದು'. ಊಟದ ನಂತರ ಒರಗಿ ಕುಳಿತು ವೈನ್ ಸೇವಿಸುತ್ತಾ ಗ್ರೀಕರು ಹರಟುತ್ತಿದ್ದರು, ಹಾಡುತ್ತಿದ್ದರು, ತತ್ತ್ವ ಚರ್ಚೆ ಮಾಡುತ್ತಿದ್ದರು. ಪ್ಲೇಟೊ ತನ್ನ ಪ್ರಸಿದ್ಧ ಸಂವಾದವೊಂದಕ್ಕೆ ಇದೇ ಹೆಸರಿಟ್ಟ. ವೈನ್‌ಗೆ ನೀರು ಬೆರೆಸದೆ ಕುಡಿಯುವುದು ಅನಾಗರಿಕತೆ ಎಂದು ಅವರು ಭಾವಿಸಿದ್ದರು. ಬೆರೆಸುವ ಅಗಲ ಬಾಯಿಯ ಪಾತ್ರೆಗೆ 'ಕ್ರಾಟೇರ್' ಎಂದು ಹೆಸರು. ಆ ಪಾತ್ರೆಯ ಆಕಾರದಿಂದಾಗಿ ಜ್ವಾಲಾಮುಖಿಯ ಬಾಯಿಗೂ, ಚಂದ್ರಯಾನದ ವರದಿಗಳಲ್ಲಿ ಓದಿದ ಚಂದ್ರನ ಮೇಲಿನ ಕುಳಿಗಳಿಗೂ 'ಕ್ರೇಟರ್' ಎಂಬ ಹೆಸರು ಬಂತು.

ಲೋಟ ಎತ್ತಿ ಶುಭ ಕೋರುವ 'ಟೋಸ್ಟ್' ನಿಜವಾಗಿಯೂ ಬ್ರೆಡ್ಡಿನ ತುಂಡೇ. ಸುಟ್ಟ ಬ್ರೆಡ್ಡಿಗೆ ಮಸಾಲೆ ಸವರಿ ವೈನ್‌ನಲ್ಲಿ ಹಾಕಿ ಅದರ ಸ್ವಾದ ಹೆಚ್ಚಿಸುವುದು ಹಿಂದಿನ ವಾಡಿಕೆ. ಗಣ್ಯ ಮಹಿಳೆಯೊಬ್ಬರ ಹೆಸರು ಹೇಳಿ ಕುಡಿದರೆ ಆ ಬ್ರೆಡ್ಡಿನಂತೆಯೇ ವೈನ್‌ಗೆ ರುಚಿ ಬರುತ್ತದೆ ಎಂಬ ಚಮತ್ಕಾರದ ಮಾತು ಹದಿನೇಳನೇ ಶತಮಾನದ ಕೊನೆಯಲ್ಲಿ ರೂಢಿಗೆ ಬಂತು. ಬ್ರೆಡ್ಡಿನ ತುಂಡು ಮರೆಯಾಯಿತು, ಹೆಸರು ಉಳಿಯಿತು.

ರುಚಿಯ ಪರಿಭಾಷೆ

ವೈನ್ ಸವಿಯುವವರ ಪರಿಭಾಷೆ ಹೊಸಬರಿಗೆ ಒಗಟಿನಂತೆ ಕಾಣುತ್ತದೆ. 'ಡ್ರೈ' ವೈನ್ ಎಂದರೆ ಸಿಹಿ ಇಲ್ಲದ್ದು. ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗಿ ಮಾರ್ಪಟ್ಟರೆ ಆ ವೈನ್ 'ಡ್ರೈ'. ಗಾಂಧಿ ಜಯಂತಿಯಂದು ಮದ್ಯದಂಗಡಿ ಮುಚ್ಚುವ 'ಡ್ರೈ ಡೇ'ಗೂ ಇದಕ್ಕೂ ಪದವಷ್ಟೇ ಸಮಾನ.

ಕೆಂಪು ವೈನ್ ಬಾಯಿಗೆ ತರುವ ಒಗರಿಗೆ ಕಾರಣ 'ಟ್ಯಾನಿನ್'. ಚರ್ಮ ಹದ ಮಾಡಲು ಬಳಸುವ ಓಕ್ ತೊಗಟೆಯ ಫ್ರೆಂಚ್ ಹೆಸರು 'ತಾನ್', ಅದರಿಂದ ಈ ಪದ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಹೊಸ ವಸ್ತುವಲ್ಲ. ಅಡಿಕೆ ಬೇಯಿಸುವಾಗ ಸಿಗುವ ಕೆಂಪು ಚೊಗರಿನಲ್ಲಿ ಇರುವುದೂ ಇದೇ ಬಗೆಯ ಒಗರು ಪದಾರ್ಥ. ತುಸು ಗಟ್ಟಿಯಾಗಿ ಕುದಿಸಿದ ಚಹಾದ ಒಗರೂ ಅಷ್ಟೇ.

ತಾರಾ ಹೋಟೆಲುಗಳಲ್ಲಿ ವೈನ್ ಆಯ್ಕೆಗೆ ಸಲಹೆ ನೀಡುವ 'ಸೊಮೆಲಿಯೆ'ಯ ಹುದ್ದೆಯ ಹೆಸರು ಹೊರೆ ಹೊರುವ ಪ್ರಾಣಿಗಳನ್ನು ಹೊಡೆಯುವವನಿಂದ ಬಂದದ್ದು. ಹೇಸರಗತ್ತೆಯ ಬೆನ್ನಿಗೆ ಹೇರುವ ತಡಿಗೆ ಲ್ಯಾಟಿನ್‌ನಲ್ಲಿ ಇದ್ದ ಹೆಸರೇ ಇದರ ಮೂಲ. ಸರಕು ಹೇರುವವನು ಕ್ರಮೇಣ ಅರಮನೆಯ ಸರಕಿನ ಅಧಿಕಾರಿಯಾಗಿ, ಕೊನೆಗೆ ವೈನ್ ಪರಿಣತನಾದ.

ಬೆಳೆದ ಊರೇ ಹೆಸರು

ವೈನ್‌ನ ಪ್ರಸಿದ್ಧ ಹೆಸರುಗಳಲ್ಲಿ ಬಹುಪಾಲು ಊರು, ಸೀಮೆಗಳ ಹೆಸರೇ. 'ಶಾಂಪೇನ್' ಎಂದರೆ ಬಯಲುಸೀಮೆ. ಲ್ಯಾಟಿನ್‌ನಲ್ಲಿ ಬಯಲಿಗೆ ಹೇಳುವ 'ಕಾಂಪುಸ್' ಅದರ ಮೂಲ. ಕಾಲೇಜಿನ 'ಕ್ಯಾಂಪಸ್', ಸೈನ್ಯದ 'ಕ್ಯಾಂಪ್', ಚುನಾವಣೆಯ 'ಕ್ಯಾಂಪೇನ್' ಅದರ ಒಡಹುಟ್ಟುಗಳು. ಮರ ಎಂಬ ಅರ್ಥದ 'ಮದೇರಾ' ಅಟ್ಲಾಂಟಿಕ್ ಸಾಗರದ ದಟ್ಟ ಕಾಡಿನ ದ್ವೀಪಕ್ಕೆ ಪೋರ್ಚುಗೀಸರು ಇಟ್ಟ ಹೆಸರು. 'ಪೋರ್ಟ್' ಪೋರ್ಚುಗಲ್‌ನ ಪೋರ್ಟೊ ಬಂದರಿನದು. 1703ರ ಒಪ್ಪಂದದಂತೆ ಇಂಗ್ಲೆಂಡ್ ಪೋರ್ಚುಗೀಸ್ ವೈನ್‌ಗೆ ಫ್ರೆಂಚ್ ವೈನ್‌ಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ವಿಧಿಸಿತು. ಆ ಹೆಸರು ಇಂಗ್ಲಿಷರ ಮನೆಮಾತಾದದ್ದು ಆ ನಂತರ. ಬೇಡಿಕೆ ಹೆಚ್ಚಿದಂತೆ ಕಲಬೆರಕೆಯೂ ಹೆಚ್ಚಿ, 1756ರಲ್ಲಿ ಪೋರ್ಚುಗಲ್ ಸರ್ಕಾರ ಡೌರೊ ಕಣಿವೆಯ ಗಡಿ ಗುರುತಿಸಿ ಕಾವಲು ಹಾಕಬೇಕಾಯಿತು.

'ಶೆರ್ರಿ'ಯದು ಇನ್ನೂ ವಿಚಿತ್ರ. ಸ್ಪೇನ್‌ನ ಹೆರೆಸ್ ಪಟ್ಟಣದ ಹೆಸರನ್ನು ಹಿಂದೆ 'ಶೆರೆಸ್' ಎಂದು ಉಚ್ಚರಿಸುತ್ತಿದ್ದರು. ಇಂಗ್ಲಿಷರ ಬಾಯಲ್ಲಿ ಅದು 'ಶೆರಿಸ್' ಆಯಿತು. ಕೊನೆಯ 'ಸ್' ಬಹುವಚನದ ಪ್ರತ್ಯಯ ಎಂದು ತಪ್ಪಾಗಿ ಭಾವಿಸಿ, ಅದನ್ನು ಕತ್ತರಿಸಿ 'ಶೆರ್ರಿ' ಎಂಬ ಏಕವಚನ ಸೃಷ್ಟಿಸಿದರು. ಊರಿನ ಹೆಸರು ಹೀಗೆ ಗುರುತು ಸಿಗದಂತಾದದ್ದರಿಂದ ಹೆರೆಸ್‌ನ ಬೆಳೆಗಾರರು ಬೆಲೆ ತೆರಬೇಕಾಯಿತು. ಶೆರ್ರಿ ಎಂದರೆ ಊರಲ್ಲ, ಒಂದು ಬಗೆಯ ಪಾನೀಯ ಎಂದೇ ಜನ ತಿಳಿದರು. ದಕ್ಷಿಣ ಆಫ್ರಿಕಾ, ಸೈಪ್ರಸ್, ಆಸ್ಟ್ರೇಲಿಯಾ ಎಲ್ಲವೂ ತಮ್ಮ ತಮ್ಮ ಶೆರ್ರಿ ಮಾರತೊಡಗಿದವು. ಬ್ರಿಟನ್‌ನ ಕಂಪನಿಗಳು ಹೊರದೇಶಗಳಿಂದ ಸಾಂದ್ರಗೊಳಿಸಿದ ದ್ರಾಕ್ಷಿ ರಸ ತರಿಸಿ 'ಬ್ರಿಟಿಷ್ ಶೆರ್ರಿ' ತಯಾರಿಸಿದವು.

ಹೆಸರಿಗಾಗಿ ಹೋರಾಟ

ಹೆಸರು ಕೈತಪ್ಪಿದರೆ ಬದುಕು ಕೈತಪ್ಪುತ್ತದೆ ಎಂಬುದನ್ನು ಶಾಂಪೇನ್ ಸೀಮೆಯ ರೈತರು ಬೇಗ ಅರಿತರು. ಅಲ್ಲಿನ ಕೆಲವು ವರ್ತಕರು ಹೊರಗಿನ ಅಗ್ಗದ ದ್ರಾಕ್ಷಿ ಮತ್ತು ವೈನ್ ತರಿಸಿ ಶಾಂಪೇನ್ ಹೆಸರಿನಲ್ಲಿ ಮಾರುತ್ತಿದ್ದರು. ಬೆಳೆ ಸತತವಾಗಿ ಕೈಕೊಟ್ಟು ಕಂಗೆಟ್ಟಿದ್ದ ರೈತರು 1911ರಲ್ಲಿ ದಂಗೆ ಎದ್ದು ವರ್ತಕರ ಉಗ್ರಾಣಗಳಿಗೆ ನುಗ್ಗಿ ವೈನ್ ಚೆಲ್ಲಿದರು. ಸರ್ಕಾರ ಸೈನ್ಯ ಕಳುಹಿಸಿತು. ಫ್ರಾನ್ಸ್‌ನಲ್ಲಿ ಊರ ಹೆಸರಿಗೆ ಕಾನೂನಿನ ರಕ್ಷಣೆ ನೀಡುವ ವ್ಯವಸ್ಥೆ 1935ರಲ್ಲಿ ರೂಪುಗೊಂಡದ್ದರ ಹಿಂದೆ ಇಂಥ ಕಹಿ ಅನುಭವಗಳಿದ್ದವು.

ಲಂಡನ್‌ನಲ್ಲಿ 'ಸ್ಪ್ಯಾನಿಷ್ ಶಾಂಪೇನ್' ಮಾರುತ್ತಿದ್ದ ಕಂಪನಿಯ ಮೇಲೆ 1958ರಲ್ಲಿ ಹೂಡಿದ ಕ್ರಿಮಿನಲ್ ಮೊಕದ್ದಮೆ ಬಿದ್ದುಹೋಯಿತು. ಫ್ರೆಂಚ್ ಉತ್ಪಾದಕರು ಸಿವಿಲ್ ದಾವೆ ಹೂಡಿ 1960ರಲ್ಲಿ ಗೆದ್ದರು. ಫ್ರಾನ್ಸ್‌ನ ಆ ಸೀಮೆಯಲ್ಲಿ ತಯಾರಾದದ್ದಕ್ಕೆ ಮಾತ್ರ ಶಾಂಪೇನ್ ಹೆಸರು ಸಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಶೆರ್ರಿ ಪ್ರಕರಣದ ತೀರ್ಪು ಬಂದದ್ದು 1967ರಲ್ಲಿ. ಬರಿಯ 'ಶೆರ್ರಿ' ಎಂದರೆ ಹೆರೆಸ್‌ನ ವೈನ್ ಮಾತ್ರ ಎಂದು ನ್ಯಾಯಾಲಯ ಒಪ್ಪಿತು. ಆದರೆ ಸ್ಪೇನ್‌ನವರು ಬಹುಕಾಲ ಸುಮ್ಮನಿದ್ದ ಕಾರಣ 'ಬ್ರಿಟಿಷ್ ಶೆರ್ರಿ'ಯಂಥ ಹೆಸರುಗಳು ಮುಂದುವರಿಯಬಹುದು ಎಂದಿತು. ಸುಮ್ಮನಿದ್ದ ತಪ್ಪಿಗೆ ಅರ್ಧ ಹೆಸರು ಹೋಯಿತು. ಯುರೋಪಿಯನ್ ಒಕ್ಕೂಟದ ನಿಯಮದಿಂದ ಅದು ಪೂರ್ತಿ ಮರಳಿದ್ದು 1996ರ ಆರಂಭದಲ್ಲಿ. ಆಸ್ಟ್ರೇಲಿಯಾ 2008ರಲ್ಲಿ ಒಕ್ಕೂಟದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ, ತನ್ನ ಶೆರ್ರಿಗೆ 'ಅಪೇರಾ' ಎಂಬ ಹೊಸ ಹೆಸರು ಕಟ್ಟಿಕೊಂಡಿತು. ಅಮೆರಿಕದಲ್ಲಿ ಮಾತ್ರ 2006ಕ್ಕೆ ಮೊದಲೇ ಬಳಕೆಯಲ್ಲಿದ್ದ 'ಕ್ಯಾಲಿಫೋರ್ನಿಯಾ ಶಾಂಪೇನ್' ಲೇಬಲ್‌ಗಳಿಗೆ ವಿನಾಯಿತಿ ಸಿಕ್ಕಿದೆ.

ನಂದಿಬೆಟ್ಟದ ತಪ್ಪಲಿನ ಪಾಠ

ಭಾರತದ ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ರಚನೆಯಾಗಿ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರಡಿ 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಮಾನ್ಯತೆ ದೊರೆಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸುತ್ತಮುತ್ತ ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆಯುತ್ತಿರುವ ಈ ಕಪ್ಪು ದ್ರಾಕ್ಷಿ, ಜ್ಯೂಸ್ ಮತ್ತು ಜಾಮ್‌ಗೆ ಹೇಗೋ ಹಾಗೆ ದೇಶದ ಸಿಹಿ 'ಪೋರ್ಟ್' ಶೈಲಿಯ ವೈನ್‌ಗಳಿಗೂ ಬಳಕೆಯಾಗುತ್ತದೆ. ಸ್ವಂತ ಹೆಸರಿಗೆ ಕಾನೂನಿನ ರಕ್ಷಣೆ ಪಡೆದ ಹಣ್ಣು, ಬಾಟಲಿ ಸೇರಿದ ಮೇಲೆ ಪೋರ್ಚುಗಲ್‌ನ ಬಂದರೊಂದರ ಹೆಸರು ಹೊತ್ತು ಮಾರಾಟವಾಗುವ ವಿಪರ್ಯಾಸ ಇಲ್ಲಿದೆ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಪ್ರಕಟಿಸಿದ ನಂತರ ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆಯ ಹೆಸರುಗಳು ವೈನ್ ಉದ್ಯಮದಲ್ಲಿ ಕೇಳಿಬರತೊಡಗಿದವು. ಆಡಳಿತ ಭಾಷೆಯಲ್ಲಿ ವೈನ್‌ಗೆ 'ದ್ರಾಕ್ಷಾರಸ' ಎಂಬ ಪದವೂ ಚಾಲ್ತಿಗೆ ಬಂತು. ಆಯುರ್ವೇದದ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳ ನಾಡಿನಲ್ಲಿ ಇಂಥ ಪದ ಅಪರಿಚಿತವೇನಲ್ಲ. ಆದರೂ ಅಂಗಡಿಯ ಫಲಕದ ಮೇಲೆ ಉಳಿದಿರುವುದು 'ವೈನ್ಸ್'.

ಹೆರೆಸ್‌ನ ರೈತರು ಹೆಸರು ಕಳೆದುಕೊಂಡದ್ದು ಒಂದು ಅಕ್ಷರದ ಅಲಕ್ಷ್ಯದಿಂದ ಆರಂಭವಾಗಿ, ಅದನ್ನು ಮರಳಿ ಪಡೆಯಲು ಶತಮಾನಗಳೇ ಬೇಕಾದವು. ಬೆಂಗಳೂರು ನೀಲಿಗೆ ನೋಂದಣಿ ಪತ್ರ ಈಗಾಗಲೇ ಸಿಕ್ಕಿದೆ. ಆದರೆ ಪತ್ರದಲ್ಲಿರುವ ಹೆಸರು ಲೇಬಲ್ ಮೇಲೆ ಕಾಣಿಸಿಕೊಂಡು, ಗ್ರಾಹಕ ಅದನ್ನೇ ಕೇಳಿ ಕೊಂಡಾಗ ಮಾತ್ರ ಅದರ ಬೆಲೆ ದೇವನಹಳ್ಳಿಯ ಬೆಳೆಗಾರನ ಕೈ ಸೇರುತ್ತದೆ.